ಹೈದರಾಬಾದಿನ ಗಾದಿ

ವಾಡಿ ಸ್ಟೇಷನ್ನಿನಿಂದ ಬಜಾರಿಗೆ ಹೋಗುವ ದಾರಿಯಲ್ಲಿ ಅರಳೆ ತುಂಬಿದ ಹಾಸಿಗೆ ಹೊಲಿಯುವ ಮಾಲನಬಿಯ ಗಾದಿ ಅಂಗಡಿ ಆರು ವರ್ಷ ನಡೆಯಿತು. ಅಂಗಡಿ ಎಂದರೆ ಮುಂದೆ ಒಂದು ತಗಡಿನ ಚಪ್ಪರ, ಹಿಂದೆ ಒಂದು ಕೋಣೆ, ಅಷ್ಟೆ. ಚಪ್ಪರದ ಕೆಳಗೆ ಅರಳೆ ಹಿಂಜುವ ಬಿಲ್ಲು ಹಿಡಿದು ಆಕೆ ಕೂತಳೆಂದರೆ ಅದರ ಠಣಠಣ ಸಪ್ಪಳ ಪ್ಲಾಟ್‌ಫಾರ್ಮಿನ ಮೇಲೆ ಗಾಡಿ ಕಾಯುವವರಿಗೂ ಕೇಳುತ್ತಿತ್ತು. ಫ್ಯಾಕ್ಟರಿ ಕಾಲೊನಿಯ ಸಾಹೇಬರ ಮನೆಗಳಿಗೆ, ಮದುವೆಯ ಮನೆಗಳಿಗೆ, ರೈಲಿನ ಡ್ರೈವರು-ಗಾರ್ಡುಗಳು ಮಲಗುವ ರನ್ನಿಂಗ್ ರೂಮಿಗೆ ಆಕೆಯೇ ಗಾದಿ ಹೊಲಿದು ಕೊಡುತ್ತಿದ್ದಳು. ಚಂದಮ್ಮ ಎಂಬ ವಿಧವೆಯೊಬ್ಬಳು ದಬ್ಬಣ ಹಿಡಿದು ಜೊತೆಗಿರುತ್ತಿದ್ದಳು.

ಅರಳೆ ಹಿಂಜುವ ಪಿಂಜಾರರ ಮನೆಗಳಲ್ಲಿ ಬಿಲ್ಲು ಗಂಡಸರದು, ದಬ್ಬಣ ಹೆಂಗಸರದು. ಸೇಡಂನಲ್ಲಿದ್ದ ಮಾಲನಬಿಯ ತಂದೆಗೆ ಗಂಡುಮಕ್ಕಳಿರಲಿಲ್ಲ. ಮೊಣಕಾಲು ಹಿಡಿದು ಮನೆಯಲ್ಲೇ ಕೂತ ಮೇಲೆ ಆತ ಮಗಳಿಗೇ ಬಿಲ್ಲು ಕಲಿಸಿದ್ದ. ಗಂಡ ಖಾಜಾಮಿಯಾ ಕೂಡ ಹಿಂಜುವವನೇ. ಮದುವೆಯಾದ ಹೊಸದರಲ್ಲಿ ಬಿಲ್ಲನ್ನು ಹೆಗಲಿಗೇರಿಸಿ ತೆಂಗಳಿ, ಮುಧೋಳ ಎಂದು ಊರೂರು ಅಲೆಯುತ್ತಿದ್ದ. ಮುಂದೆ ವಾಡಿಯ ಲೋಕೊ ಶೆಡ್ಡಿನಲ್ಲಿ ಖಲಾಸಿಯ ಕೆಲಸ ಸಿಕ್ಕಿತು. ನೀಲಿ ಬಟ್ಟೆ ತೊಟ್ಟ ದಿನವೇ ಬಿಲ್ಲನ್ನು ಗೋಡೆಯ ಗೂಟಕ್ಕೆ ತೂಗುಹಾಕಿ, "ಇನ್ನ ಇದರ ಸಂಗಾಟ ನನ್ನ ಸಂಬಂಧ ಮುಗೀತು" ಎಂದ. ಎರಡು ತಿಂಗಳಾದ ಮೇಲೆ ಮಾಲನಬಿ ಅದನ್ನು ಕೆಳಗಿಳಿಸಿದಳು. ಖಾಜಾಮಿಯಾ ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಅದು ಅವನ ಸ್ವಭಾವವಾಗಿತ್ತು.

ಅಂಗಡಿಯಿದೆ ಎಂದು ಮನೆಯ ಕೆಲಸ ಒಂದೂ ಕಡಿಮೆಯಾಗಲಿಲ್ಲ. ಫಜರ್ ನಮಾಜಿಗೆ ಎದ್ದವಳು ರೊಟ್ಟಿ ಬಡಿದು, ಗಂಡನ ಡಬ್ಬಿ ಕಟ್ಟಿ, ಜೈತುನ ಮತ್ತು ರಹಮತ ಎಂಬ ಎರಡು ಹೆಣ್ಣುಮಕ್ಕಳ ತಲೆ ಬಾಚಿ, ನೀರು ತುಂಬಿಟ್ಟು ಅಂಗಡಿಗೆ ಬರಬೇಕು. ಮಧ್ಯಾಹ್ನ ಮತ್ತೆ ಮನೆ. ಅತ್ತೆ ಹಾಸಿಗೆ ಹಿಡಿದಾಗ ಎರಡೂ ಕಡೆ ಓಡಾಡಿ ಸಾಕಾಗಿ, ಅವಳ ಹೊರಸನ್ನೇ ಅಂಗಡಿಯ ಹಿಂದಿನ ಕೋಣೆಗೆ ತಂದು ಹಾಕಿಸಿದಳು. ಒಂದು ಗಾದಿ ಮುಗಿಸಿ ಎದ್ದು ಅತ್ತೆಯನ್ನು ಹೊರಳಿಸಿ, ಬೆನ್ನಿಗೆ ಎಣ್ಣೆ ತಿಕ್ಕಿ, ಬಂದು ಮತ್ತೊಂದಕ್ಕೆ ಕೂಡುವಳು. ಅತ್ತೆ ಆ ಸಪ್ಪಳ ಕೇಳುತ್ತಲೇ ಒಂದು ಮಧ್ಯಾಹ್ನ ಕಣ್ಣು ಮುಚ್ಚಿದಳು.

ದೊಡ್ಡವಳು ಜೈತುನ ಎಡಚಿ. ಊಟಕ್ಕೆ ಎಡಗೈ ಚಾಚಿದಾಗಲೆಲ್ಲ ಖಾಜಾಮಿಯಾ ಗದರಿಸಿ, ಉಣ್ಣುವುದನ್ನು ಬಲಗೈಗೆ ಬದಲಿಸಿದ್ದ. ಆದರೆ ದಬ್ಬಣವನ್ನು ಯಾರಿಂದಲೂ ಬದಲಿಸಲಾಗಲಿಲ್ಲ. ಆಕೆಯ ಹೊಲಿಗೆ ಎಲ್ಲರ ಹಾಗೆ ಬಲಕ್ಕೆ ಬಾಗದೆ ಎಡಕ್ಕೆ ಬಾಗುತ್ತಿತ್ತು. ಹದಿನೇಳಕ್ಕೆಲ್ಲ ಬಿಲ್ಲನ್ನೂ ಕಲಿತಳು. "ನನಗಿಂತ ನಿನ್ನ ಮಗಳ ಕೈ ಹಗುರ ಅದ ನೋಡು" ಎಂದು ಚಂದಮ್ಮ ಹೇಳಿದರೆ ಮಾಲನಬಿ ತುಟಿಯಲ್ಲೇ ನಗುತ್ತಿದ್ದಳು.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ ಮರುವರ್ಷ ಶಹಾಬಾದಿನಿಂದ ಜೈತುನಳಿಗೆ ಸಂಬಂಧ ಬಂತು. ಹುಡುಗ ಅಬ್ದುಲ್ ಕರೀಮ್. ಬಜಾರಿನಲ್ಲಿ ಅವನದು ಚಾದರ, ಕಂಬಳಿ, ಹಾಸಿಗೆಯ ಬಟ್ಟೆಯ ಅಂಗಡಿ. ಮೂಲದಲ್ಲಿ ಅವರೂ ಪಿಂಜಾರರೇ. ಅಜ್ಜನ ಕಾಲಕ್ಕೆ ಬಿಲ್ಲು ಬಿಟ್ಟು ಬಟ್ಟೆಯ ಗಂಟು ಹೊತ್ತವರು, ಈಗ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಹುಡುಗನ ತಾಯಿ ಕುಲ್ಸುಂಬಿ ತನ್ನ ಅಣ್ಣನೊಂದಿಗೆ ಬಂದು, ಹುಡುಗಿಯನ್ನು ನೋಡಿ, ಚಹಾದ ಬಸಿ ಕೆಳಗಿಟ್ಟು ಮಾತು ತೆಗೆದಳು.

"ಹುಡುಗಿ ನಮಗ ಪಸಂದ ಅದಾಳ. ಕೊಡೋದು ತೊಗೊಳ್ಳೋದು ಏನೂ ಬ್ಯಾಡ. ಒಂದೇ ಮಾತು. ನಾಳಿ ನಾಕು ಮಂದಿ ನಮ್ಮ ಮನಿಗಿ ಬರ್ತಾರ, ಬೀಗರು ಏನ್ ಮಾಡ್ತಾರ ಅಂತ ಕೇಳ್ತಾರ. ಹುಡುಗಿ ತಾಯಿ ಬಜಾರದಾಗ ಕುಂತು ಅರಳಿ ಹಿಂಜ್ತಾಳ ಅಂತ ನಾವು ಹ್ಯಾಂಗ ಹೇಳೋದ್ರಿ?"

ಮಾಲನಬಿ ಪರದೆಯ ಹಿಂದೆ ಎರಡನೆಯ ಸಲಕ್ಕೆ ಚಹಾ ಸೋಸುತ್ತಿದ್ದಳು. ಬಾಯಿ ತೆರೆಯುವಷ್ಟರಲ್ಲಿ ಗಂಡನ ದನಿ ಕೇಳಿತು.

"ಮುಚ್ಚತೀವ್ರಿ. ನಿಕಾಹ್‌ಕಿಂತ ಮೊದ್ಲೇ ಮುಚ್ಚತೀವಿ."

ಅವರು ಹೋದ ಮೇಲೆ ಮಾಲನಬಿ ಬಹಳ ಹೊತ್ತು ಕಪ್ಪು ತೊಳೆದಳು. ಕೊನೆಗೆ ಕೇಳಿದಳು: "ನನ್ನ ಒಂದು ಮಾತು ಕೇಳಬಾರ್ದಿತ್ತೇನ್ರಿ?"

"ಕೇಳಿದ್ರ ಏನಂತಿದ್ದಿ?"

"ಹೂಂ ಅಂತಿದ್ದೆ. ಆದ್ರ ನಾ ಅಂತಿದ್ದೆ."

ಖಾಜಾಮಿಯಾ ತಲೆ ತಗ್ಗಿಸಿದ. ಸಂಬಂಧ ಒಳ್ಳೆಯದಿತ್ತು, ಹುಡುಗ ಬೀಡಿ ಕೂಡ ಸೇದುವವನಲ್ಲ, ಮನೆಗೆ ಪರಸಿಕಲ್ಲಿನ ನೆಲವಿತ್ತು. ಕೈ ತಪ್ಪಿ ಹೋದರೆ ಎಂಬ ಭಯಕ್ಕೆ ಬಾಯಿ ಬಿಟ್ಟುಬಿಟ್ಟಿದ್ದ. ಅದು ಅವಳಿಗೂ ಗೊತ್ತಿತ್ತು.

ಜೈತುನ ಮಾತ್ರ ಎರಡು ದಿನ ಮುಖ ಊದಿಸಿಕೊಂಡು ತಿರುಗಿದಳು. "ನಾ ಬ್ಯಾಡ ಅಂತೀನವ್ವಾ. ನಿನ್ನ ಅಂಗಡಿ ನುಂಗೋ ಮದಿವಿ ನನಗ ಬ್ಯಾಡ."

"ಹುಚ್ಚಿ," ಎಂದಳು ಮಾಲನಬಿ. "ಅಲ್ಲಿ ನಿನಗ ಈ ಧೂಳು ಇರಂಗಿಲ್ಲ. ನೆರಳಾಗ ಕುಂತು ಉಂಡು ಇರ್ತಿ. ನನ್ನ ಎದಿ ಹ್ಯಾಂಗೂ ಅರಳಿ ಉಂಡು ಗಟ್ಟಿ ಆಗ್ಯಾದ, ನಿಂದೂ ಯಾಕ ಆಗಬೇಕು?"

ಮಗಳಿಗೆ ಹೇಳುತ್ತ ಹೇಳುತ್ತ ಆಕೆ ತಾನೂ ಅದನ್ನು ನಂಬಿದಳು. ಬಿಲ್ಲು, ಅದರ ನಾರಿಗೆ ಹೊಡೆಯುವ ಬಡಿಗೆ, ಉಳಿದ ಪಟ್ಟೆಬಟ್ಟೆ ಎಲ್ಲ ಮನೆಯ ಅಟ್ಟ ಸೇರಿದವು. ರಿಪೇರಿಯ ಕೆಲಸ ಬಂದರೆ ಚಂದಮ್ಮ ತನ್ನ ಮನೆಯಲ್ಲೇ ಮಾಡಿಕೊಳ್ಳುವುದೆಂದಾಯಿತು. ಅಂಗಡಿಯ ಜಾಗಕ್ಕೆ ರೇಡಿಯೊ ರಿಪೇರಿಯವನು ಬಂದ. ನಿಕಾಹ್ ಆಗಿ ಜೈತುನ ಶಹಾಬಾದಿಗೆ ಹೋದಳು.

ಆ ವರ್ಷ ಮಾಲನಬಿಗೆ ಕೈಯನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಹತ್ತು ಗಂಟೆಗೆಲ್ಲ ಮನೆಗೆಲಸ ಮುಗಿಯುತ್ತಿತ್ತು. ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕುವಳು. ಕಾಲೊನಿಯ ಹೆಂಗಸರು ಗಾದಿ ಹಿಂಜಿಕೊಡು ಎಂದು ಬಂದರೆ ಬಾಗಿಲಲ್ಲಿ ನಿಂತು, "ಬಿಟ್ಟೀನ್ರಿ ಬಾಯಿ, ಮಗಳ ಮನಿ ಮಾನದ ಮಾತು ಅದ" ಎಂದು ಕಳಿಸುವಳು. ಬಕ್ರೀದಿಗೆ ಬಂದ ಜೈತುನ ಬಡವಾಗಿದ್ದಳು, ಕೆಮ್ಮುತ್ತಿದ್ದಳು. ಕೇಳಿದರೆ, "ಶಹಾಬಾದದಾಗ ಯಾರಿಗಿ ಕೆಮ್ಮಿಲ್ಲವ್ವಾ? ಕಲ್ಲಿನ ಧೂಳು" ಎಂದಳು. ಅದೂ ಸುಳ್ಳಲ್ಲ. ಆ ಊರಲ್ಲಿ ಪರಸಿಕಲ್ಲು ಕೊರೆಯುವ, ಉಜ್ಜುವ ಬಿಳಿಯ ಹುಡಿ ಗಿಡಗಳ ಮೇಲೂ ಕೂತಿರುತ್ತಿತ್ತು. ಮಾಲನಬಿ ನಂಬಿದಳು. ಮಗಳು ಬಸಿರಾದ ಸುದ್ದಿ ಬಂದಾಗ ಸಕ್ಕರೆ ಹಂಚಿದಳು.

ಒಂದು ಮುಂಜಾನೆ ಚಂದಮ್ಮ ಗಾದಿಯೊಂದನ್ನು ಸುತ್ತಿ ತಲೆಯ ಮೇಲೆ ಹೊತ್ತುಕೊಂಡು ಬಂದಳು.

"ನಾಗೇಂದ್ರಪ್ಪ ಮಾಸ್ತರ ಮನೀದು. ಶಹಾಬಾದದಾಗ ತೊಗೊಂಡಾರಂತ, ಹೈದರಾಬಾದಿನ ಗಾದಿ ಅಂತ. ಮೂಲ್ಯಾಗ ಇಲಿ ಕಡದದ. ಈ ನಮೂನಿ ಗಂಟು ನನಗ ಬಿಚ್ಚಾಕ ಬರವಲ್ದು, ಒಂಚೂರು ನೋಡು ಮಾಲನಬಿ."

ಮಾಲನಬಿ ಗಾದಿಯನ್ನು ನೆಲಕ್ಕೆ ಹರವಿ ಅಂಚಿನ ಮೇಲೆ ಕೈಯಾಡಿಸಿದಳು. ಅರಳೆ ಹದವಾಗಿ ಹಿಂಜಿತ್ತು, ಎಲ್ಲೂ ಗಡ್ಡೆಯಿರಲಿಲ್ಲ. ಕೈ ಒಂದು ಕಡೆ ನಿಂತಿತು. ಗಾದಿಯನ್ನು ಬಾಗಿಲ ಬೆಳಕಿಗೆ ಎಳೆದು ಬಗ್ಗಿ ನೋಡಿದಳು.

"ಏನಾತು?"

"ಹೊಲಿಗಿ ಎಡಕ್ಕ ಬಾಗ್ಯಾವ."

ಚಂದಮ್ಮ ಮುಖ ನೋಡಿದಳು. "ಹೈದರಾಬಾದದಾಗೂ ಎಡಚರು ಇರ್ತಾರಲ್ಲ ತಾಯಿ."

ಮಾಲನಬಿ ಮೂಲೆಯನ್ನು ಬಿಚ್ಚಿದಳು. ದಾರದ ತುದಿಯನ್ನು ಕತ್ತರಿಸದೆ ಮೂರು ಸುತ್ತು ಸುತ್ತಿ ಒಳಗೆ ಹುದುಗಿಸಿತ್ತು. ಸೇಡಂನಲ್ಲಿ ತಂದೆ ತನಗೆ ಕಲಿಸಿದ ಗಂಟು, ತಾನು ಮಗಳೊಬ್ಬಳಿಗೇ ಕಲಿಸಿದ್ದು. ಆಕೆ ಎದ್ದು, ಒಲೆ ಆರಿಸಿ, ರಹಮತಳನ್ನು ಚಂದಮ್ಮನ ಹತ್ತಿರ ಬಿಟ್ಟು, ಹತ್ತೂವರೆಯ ಪ್ಯಾಸೆಂಜರಿಗೆ ಶಹಾಬಾದಿಗೆ ಹೊರಟಳು.

ಕುಲ್ಸುಂಬಿ ಬೀಗತಿಯನ್ನು ನಿರೀಕ್ಷಿಸಿರಲಿಲ್ಲ. "ಬರ್ರಿ, ಕುಂದ್ರಿ, ಜೈತುನ ಒಳಗ ಮಲಗ್ಯಾಳ, ಎಬ್ಬಸ್ತೀನಿ" ಎಂದು ಬಾಗಿಲಿಗೆ ಅಡ್ಡವಾದಳು. ಅಷ್ಟರಲ್ಲೇ ಹಿತ್ತಲಿನ ಕಡೆಯಿಂದ ದಪ್ಪ ಗೋಡೆಯ ಹಿಂದೆ ಯಾರೋ ಎದೆ ಬಡಿದುಕೊಂಡ ಹಾಗೆ ಮಂದವಾದ ಸಪ್ಪಳ ಕೇಳಿತು. ಆ ಸಪ್ಪಳವನ್ನು ಮಾಲನಬಿಗೆ ಯಾರೂ ಪರಿಚಯ ಮಾಡಿಸಬೇಕಿರಲಿಲ್ಲ.

ಅದು ಹಿಂದೆ ಕಟ್ಟಿಗೆ ತುಂಬುತ್ತಿದ್ದ ಕೋಣೆ. ಗೋಡೆಯೂ ಕಲ್ಲು, ಮಾಳಿಗೆಯೂ ಕಲ್ಲು. ಮೇಲಿದ್ದ ಒಂದೇ ಬೆಳಕಿಂಡಿಗೆ ಗೋಣಿಚೀಲ ತುರುಕಿದ್ದರು. ಬಾಗಿಲು ದೂಡಿದಾಗ ಮೊದಲು ಏನೂ ಕಾಣಲಿಲ್ಲ. ಗಾಳಿಯ ತುಂಬ ಅರಳೆಯ ಎಳೆಗಳು ತೇಲುತ್ತಿದ್ದವು, ತೂಗುಬಿಟ್ಟ ದೀಪದ ಬುರುಡೆಗೂ ಬಿಳಿಯ ತುಪ್ಪಟ ಬೆಳೆದಿತ್ತು. ನಡುವೆ ಮೂಗಿಗೆ ಸೆರಗು ಕಟ್ಟಿಕೊಂಡು, ಏಳು ತಿಂಗಳ ಹೊಟ್ಟೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಜೈತುನ ಬಿಲ್ಲಿನ ಮುಂದೆ ಕೂತಿದ್ದಳು. ರೆಪ್ಪೆ, ಹುಬ್ಬು ಬೆಳ್ಳಗಾಗಿ ಮುದುಕಿಯ ಹಾಗೆ ಕಂಡಳು.

"ಅವ್ವಾ, ನಿನಗ ಯಾರು ಹೇಳಿದ್ರು?" ಎಂದಳು. ಬಂದೆಯಾ ಎಂದು ಕೇಳಲಿಲ್ಲ.

ಮಾಲನಬಿ ಹೊರಗೆ ಬಂದಳು. "ಆಪಾ," ಎಂದಳು ಕುಲ್ಸುಂಬಿಗೆ, "ನನಗ ಬಿಡಿಸಿದ್ದನ್ನ ಆಕೀಗಿ ಹಚ್ಚೀರಲ್ಲ?"

ಕುಲ್ಸುಂಬಿ ಸಿಟ್ಟಾಗಲಿಲ್ಲ. ನಿಜವಾಗಿಯೂ ಅವಳಿಗೆ ಅದರಲ್ಲಿ ತಪ್ಪೇನೂ ಕಂಡಂತಿರಲಿಲ್ಲ. "ಬಜಾರದಾಗ ಕೂಡಿಸೀವೇನು? ಒಬ್ಬರ ಕಣ್ಣಿಗಿ ಬಿದ್ದಿಲ್ಲ ಆಕಿ. ಹೈದರಾಬಾದದಿಂದ ತರಸಿದ ಗಾದಿಗಿ ಲಾಭ ಉಳೀವಲ್ದಾಗಿತ್ತು. ಒಂದು ದಿನ ಆಕೀನೇ ಮನಿ ಗಾದಿ ಹಿಂಜಿ ಹೊಲಿದ್ಲು, ಕರೀಮ ನೋಡಿದ. ಆಕಿ ಕೈಯಾಗ ಬರಕತ್ ಅದ. ನಿಮ್ಮದು ದುಕಾನ ಆಗಿತ್ತು. ಇದು ಮನಿ ಕೆಲಸ."

ಮಾಲನಬಿ ಎಷ್ಟೋ ವರ್ಷ ಆ ಮಾತಿಗೆ ಉತ್ತರ ಹುಡುಕಿದಳು.

"ಏಳನೇ ತಿಂಗಳು ಅದ. ಚೊಚ್ಚಲ ಬಾಣಂತನ ತವರಾಗ. ಇವತ್ತೇ ಕರಕೊಂಡು ಹೋಗ್ತೀನಿ."

"ಯಾರು ಬ್ಯಾಡ ಅಂತಾರ? ಆದ್ರ ಹಾಸ್ಟೆಲಿಂದು ಐವತ್ತು ಗಾದಿ ಒಪ್ಪಕೊಂಡಾನ ಕರೀಮ. ಇನ್ನ ಇಪ್ಪತ್ತೆರಡು ಉಳದಾವ. ಮುಗಿಸಿ ನಾನೇ ತಂದು ಬಿಡ್ತೀನಿ."

ಇಪ್ಪತ್ತೆರಡು. ಆ ಮೈಯಲ್ಲಿ ಜೈತುನ ದಿನಕ್ಕೊಂದು ಮುಗಿಸುವುದೂ ಕಷ್ಟವಿತ್ತು. ಮಾಲನಬಿ ಮಗಳ ಕೈ ಹಿಡಿದು ಎಳೆದುಕೊಂಡು ಹೋಗಬಹುದಿತ್ತು. ಓಣಿಯ ಮಂದಿ ಕೂಡುತ್ತಿದ್ದರು. ಆಮೇಲೆ ಆ ಮನೆಯ ಬಾಗಿಲು ಮಗಳಿಗೆ ತೆರೆಯುತ್ತಿತ್ತೋ ಇಲ್ಲವೋ. ಆಕೆ ಒಳಗೆ ಹೋಗಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಏಳು. ಬಿಲ್ಲು ಇಲ್ಲಿ ಕೊಡು."

"ಅವ್ವಾ, ಬ್ಯಾಡ. ನೀ ಬಿಟ್ಟೀದಿ ಅಲ್ಲ."

"ಏಳಂದ್ರ ಏಳು. ಅಡಗಿಮನ್ಯಾಗ ಕುಂತು ಬರೇ ಹೊಲಿ. ಈ ಖೋಲ್ಯಾಗ ಕಾಲಿಡಬ್ಯಾಡ."

ಸಂಜೆ ಸ್ಟೇಷನ್ನಿಗೆ ಹೋಗಿ ಗುರುತಿನ ಗಾರ್ಡೊಬ್ಬನ ಕೈಯಲ್ಲಿ ಖಾಜಾಮಿಯಾನಿಗೆ ಸುದ್ದಿ ಕಳಿಸಿದಳು: ಮಗಳ ಹತ್ತಿರ ಇರುತ್ತೇನೆ, ರಹಮತಳನ್ನು ನೋಡಿಕೊಳ್ಳಿ. ಯಾಕೆ ಇರುತ್ತೇನೆ ಎಂದು ಹೇಳಿ ಕಳಿಸಲಿಲ್ಲ.

ಹತ್ತು ದಿನ ಮಾಲನಬಿ ಆ ಕೋಣೆಯಲ್ಲಿ ಕೂತಳು. ಬೆಳಿಗ್ಗೆ ಒಳಗೆ ಹೋದ ಕೂಡಲೇ ಬೆಳಕಿಂಡಿಯ ಗೋಣಿಚೀಲ ಕಿತ್ತು ಕೆಳಗೆ ಹಾಕುವಳು. ಉಣ್ಣಲು ಹೊರಗೆ ಹೋಗಿ ಬರುವಷ್ಟರಲ್ಲಿ ಕುಲ್ಸುಂಬಿ ಅದನ್ನು ಮತ್ತೆ ತುರುಕಿರುವಳು. "ಸಪ್ಪಳ ಓಣಿಗಿ ಹೋಗ್ತದ್ರಿ" ಎಂದು ಒಂದು ಸಲ ಅಂದಳು. ಆಮೇಲೆ ಇಬ್ಬರೂ ಆ ಬಗ್ಗೆ ಮಾತಾಡಲಿಲ್ಲ. ಒಬ್ಬಳು ತೆಗೆಯುವುದು, ಒಬ್ಬಳು ತುರುಕುವುದು. ಊಟಕ್ಕೆ ಮಾತ್ರ ಕುಲ್ಸುಂಬಿ ಒಂದು ದಿನವೂ ಕಡಿಮೆ ಮಾಡಲಿಲ್ಲ. ತಾನೇ ಮುಂದೆ ಕೂತು, "ತೊಗೋರಿ, ನಿಮಗ ತಾಕತ್ತು ಬೇಕು" ಎಂದು ಬಡಿಸುವಳು. ಅಬ್ದುಲ್ ಕರೀಮ್ ಎರಡು ಸಲ ಪೇರಲಹಣ್ಣು ತಂದುಕೊಟ್ಟ, ಅತ್ತೆಯ ಮುಖ ನೋಡಲಿಲ್ಲ.

ಐದನೆಯ ದಿನವೋ ಆರನೆಯ ದಿನವೋ ಜೈತುನ ಹೊಲಿಯುವ ಬಟ್ಟೆ ಹಿಡಿದು ಹೊಸ್ತಿಲಿಗೆ ಬಂದು ನಿಂತಳು.

"ನನಗ ಯಾಕ ಹೇಳ್ಲಿಲ್ಲ ನೀ?" ಎಂದು ಮಾಲನಬಿ ಬಿಲ್ಲು ನಿಲ್ಲಿಸದೆಯೇ ಕೇಳಿದಳು.

"ಹೇಳಿದ್ರ ನಿನ್ನ ಅಂಗಡಿ ಖಾಲಿಪುಕಟ್ ಹೋತು ಅಂತ ನಿನಗ ಅನಸ್ತಿತ್ತು."

ಮಾಲನಬಿಯ ಕೈಯಲ್ಲಿ ಬಡಿಗೆ ನಿಂತಿತು.

"ಹೋಗೇದ ಅಲ್ಲ," ಎಂದಳು.

"ಹೋಗೇದ," ಎಂದಳು ಜೈತುನ. ನಂತರ ಮೆಲ್ಲಗೆ, "ಅವ್ರು ಕೆಟ್ಟವ್ರಲ್ಲವ್ವಾ. ಹೊಡೆಯಂಗಿಲ್ಲ, ಬಡಿಯಂಗಿಲ್ಲ. ಒಂದು ಕಿಡಕಿ ಹಾಕಸ್ರಿ ಅಂತ ಕೇಳ್ದೆ ನೋಡು, ಅದೊಂದ ಆಗ್ಲಿಲ್ಲ" ಎಂದಳು.

ಇಪ್ಪತ್ತೆರಡನೆಯ ಗಾದಿಯ ಕೊನೆಯ ಹೊಲಿಗೆ ಹಾಕಿದ ದಿನವೇ ತಾಯಿ ಮಗಳು ವಾಡಿಗೆ ಬಂದರು. ಎಂಟನೆಯ ತಿಂಗಳು ತುಂಬುವ ಮೊದಲೇ ಜೈತುನ ಹೆತ್ತಳು. ಹೆಣ್ಣು ಕೂಸು, ಅಂಗೈಯಷ್ಟು. ಗೌಸಿಯಾ ಎಂದು ಹೆಸರಿಟ್ಟರು. ಕೂಸು ಹೇಗೋ ಹಿಡಿದುಕೊಂಡಿತು. ತಾಯಿಯ ಕೆಮ್ಮು ಹೋಗಲಿಲ್ಲ. ಡಾಕ್ಟರು ಎದೆಗೆ ಕೊಳವೆ ಹಚ್ಚಿ ನೋಡಿ, ಇನ್ನು ಈಕೆ ಅರಳೆಯ ಗಾಳಿಯನ್ನೂ ಕುಡಿಯಬಾರದು ಎಂದರು.

ನಲವತ್ತು ದಿನ ಕಳೆದು ಕುಲ್ಸುಂಬಿ, ಕರೀಮ್ ಕರೆಯಲು ಬಂದರು. ಕೂಸಿಗೆ ಬೆಳ್ಳಿಯ ಕಡಗ ತಂದಿದ್ದರು. ಮಾಲನಬಿ ಡಾಕ್ಟರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. "ಬಾಣಂತನ ಮುಗದದ, ಕೆಮ್ಮು ಮುಗದಿಲ್ಲ. ಇಲ್ಲೇ ಇರ್ಲಿ ಆಕಿ."

"ಎಷ್ಟು ದಿನ?" ಎಂದಳು ಕುಲ್ಸುಂಬಿ.

ಮಾಲನಬಿ ಗಂಡನ ಕಡೆ ನೋಡಿದಳು. ಖಾಜಾಮಿಯಾ ಚಾಪೆಯ ಎಳೆಯೊಂದನ್ನು ಕೀಳುತ್ತ, "ಕೊಟ್ಟ ಹೆಣ್ಣು ತವರಾಗ ಎಷ್ಟು ದಿನ ಇರ್ತಾಳ" ಎಂದ. ಅದು ಪ್ರಶ್ನೆಯೋ ಉತ್ತರವೋ ಯಾರಿಗೂ ತಿಳಿಯಲಿಲ್ಲ.

ಕರೀಮ್ ಮೊದಲ ಸಲ ಬಾಯಿಬಿಟ್ಟ. "ಮಷೀನ್ ತರ್ತೀನ್ರಿ ಅವ್ವಾ. ಕರೆಂಟಿಂದು. ಆಕೀಗಿ ಬಿಲ್ಲು ಮುಟ್ಟಗೊಡಂಗಿಲ್ಲ. ಖುದಾ ಕಸಂ."

ಒಳಗೆ ಜೈತುನ ಬಟ್ಟೆ ಮಡಚುತ್ತಿದ್ದಳು. ಮಾಲನಬಿ ಹೋಗಿ ಕೈ ಹಿಡಿದಳು. "ನೀ ಹೋಗ್ಬ್ಯಾಡ. ಏನಾರ ಅನ್ಲಿ ಮಂದಿ. ನಾ ಮತ್ತ ಅಂಗಡಿ ಹಾಕ್ತೀನಿ, ನಿನಗ ಕೂಸಿಗಿ ಸಾಕ್ತೀನಿ."

"ರಹಮತಂದು ಇನ್ನ ಆಗಬೇಕಲ್ಲವ್ವಾ," ಎಂದಳು ಜೈತುನ. "ಅಕ್ಕ ಬಿಟ್ಟು ಬಂದಾಳ, ತಾಯಿ ಬಜಾರದಾಗ ಕುಂತಾಳ ಅಂದ್ರ ಆಕೀಗಿ ಯಾರು ಬರ್ತಾರ?"

ಹದಿಮೂರು ವರ್ಷದ ರಹಮತ ಅಲ್ಲೇ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ತನ್ನ ಹೆಸರು ಕೇಳಿ ಮುಖ ಎತ್ತಿ ಇಬ್ಬರನ್ನೂ ನೋಡಿದಳು. ಮತ್ತೆ ಕೂಸಿನ ಕಡೆ ತಿರುಗಿದಳು. ಜೈತುನ ಸಂಜೆಯ ಗಾಡಿಗೆ ಹೋದಳು.

ಕರೀಮ್ ಕೊಟ್ಟ ಮಾತನ್ನು ನಡೆಸಿದ. ಮಷೀನ್ ಬಂತು. ಬಂದದ್ದು ಅದೇ ಕೋಣೆಗೆ. ಬಿಲ್ಲು ಒಂದು ದಿನಕ್ಕೆ ಎಬ್ಬಿಸುವ ಧೂಳನ್ನು ಅದು ಒಂದು ತಾಸಿಗೆ ಎಬ್ಬಿಸುತ್ತಿತ್ತು, ಮತ್ತು ಅದರ ಬಾಯಿಗೆ ಅರಳೆ ಹಾಕಲು ಯಾರಾದರೂ ಬೇಕಿತ್ತು. ಹೊರಗಿನವರನ್ನು ತಂದರೆ ಹೈದರಾಬಾದಿನ ಗಾದಿಯ ಗುಟ್ಟು ಉಳಿಯುತ್ತಿರಲಿಲ್ಲ. ಮಾಲನಬಿ ಮೂರು ಸಲ ಹೋಗಿ ಜಗಳಾಡಿದಳು. ನಾಲ್ಕನೆಯ ಸಲ ಖಾಜಾಮಿಯಾ ತಾನೇ ಹೋಗಿ ಆ ಮನೆಯ ಗಂಡಸರ ಮುಂದೆ ಕೈಮುಗಿದು ಬಂದ. ಜೈತುನಳನ್ನು ಇನ್ನು ಕೆಲಸಕ್ಕೆ ಹಚ್ಚುವುದಿಲ್ಲ ಎಂದರು. ಎರಡು ತಿಂಗಳು ಹಚ್ಚಲಿಲ್ಲ. ಮದುವೆಯ ಹಂಗಾಮು ಬಂತು.

ಗೌಸಿಯಾ ಹುಟ್ಟಿದ ಎರಡನೆಯ ವರ್ಷದ ಚಳಿಗಾಲದಲ್ಲಿ ಜೈತುನ ತೀರಿಕೊಂಡಳು. ಇಪ್ಪತ್ತು ವರ್ಷವಾಗಿತ್ತು. ಸುದ್ದಿ ಮುಟ್ಟಿ ಮಾಲನಬಿ ಶಹಾಬಾದಿಗೆ ಬಂದಾಗ ಹೆಂಗಸರು ಮೈ ತೊಳೆಯಲು ನೀರು ಕಾಯಿಸಿದ್ದರು. ತೊಳೆದಾದ ಮೇಲೆ ಮೂಗಿಗೆ, ಕಿವಿಗೆ ಇಡಲು ಅರಳೆ ಬೇಕೆಂದು ಯಾರೋ ಕೇಳಿದರು. ಕುಲ್ಸುಂಬಿ ಅಳುತ್ತಲೇ ಎದ್ದು ಹಿತ್ತಲಿನ ಕೋಣೆಗೆ ಹೋಗಿ ಒಂದು ಹಿಡಿ ತಂದಳು. ಬೆಳ್ಳಗೆ, ಒಂದು ಕಸವಿಲ್ಲದೆ ಹಿಂಜಿದ ಅರಳೆ.

"ಅದು ಬ್ಯಾಡ," ಎಂದಳು ಮಾಲನಬಿ.

ಕುಲ್ಸುಂಬಿ ಚಾಚಿದ ಕೈ ಹಾಗೇ ನಿಂತಿತು. ಮಾಲನಬಿ ತನ್ನ ಹಳೆಯ ಬಿಳಿ ಸೆರಗಿನ ಅಂಚನ್ನು ಹರಿದು, ಚೂರು ಚೂರು ಮಾಡಿ ಮಗಳಿಗೆ ಇಟ್ಟಳು. ಆ ಮನೆಯಲ್ಲಿ ಆಕೆ ಆಡಿದ ಕೊನೆಯ ಮಾತು ಅದೇ. ಗೌಸಿಯಾಳನ್ನು ಎತ್ತಿಕೊಂಡಾಗ ಯಾರೂ ತಡೆಯಲಿಲ್ಲ. ಹೆಣ್ಣು ಕೂಸು, ಕರೀಮನಿಗೆ ಇನ್ನೂ ವಯಸ್ಸಿತ್ತು.

ವಾಡಿಗೆ ಬಂದ ನಾಲ್ಕನೆಯ ದಿನ, ಮಗಳ ಹೆಸರಿನಲ್ಲಿ ಫಾತಿಹಾ ಓದಿಸಿ ಮುಗಿದ ಮೇಲೆ, ಮಾಲನಬಿ ಅಟ್ಟ ಹತ್ತಿ ಬಿಲ್ಲು ಇಳಿಸಿದಳು. ಹಳೆಯ ಅಂಗಡಿಯ ಜಾಗದಲ್ಲಿ ರೇಡಿಯೊ ಹಾಡುತ್ತಿತ್ತು. ಕಾಲೊನಿಯ ದಾರಿಯ ಬೇವಿನ ಮರದ ಕೆಳಗೆ, ನಾಲ್ಕೂ ಕಡೆ ಗಾಳಿಯಾಡುವಲ್ಲಿ ಕೂತಳು. ಚಂದಮ್ಮ ಬಂದು ಪಕ್ಕದಲ್ಲಿ ದಬ್ಬಣ ಹಿಡಿದಳು. ಗೌಸಿಯಾಳನ್ನು ಮಾತ್ರ ಅಲ್ಲಿಗೆ ಬರಗೊಡಲಿಲ್ಲ. ಮನೆಯಲ್ಲಿ ರಹಮತಳೇ ಅದಕ್ಕೆ ತಾಯಿಯಾದಳು. ಮಷೀನಿನ ಗಾದಿಗಳು ಎಲ್ಲ ಕಡೆ ಬರತೊಡಗಿದ್ದವು. ಮೊದಲಿನಷ್ಟು ಕೆಲಸ ಇರಲಿಲ್ಲ. ಇದ್ದಷ್ಟನ್ನು ಆಕೆ ಮಾಡಿದಳು.

ಖಾಜಾಮಿಯಾ ಶೆಡ್ಡಿನಿಂದ ಮನೆಗೆ ಬರುವಾಗ ಆ ದಾರಿ ಬಿಟ್ಟು ಸುತ್ತು ಹಾಕಿ ಬರುತ್ತಿದ್ದ. ಒಂದು ದಿನ ಮರದ ಹತ್ತಿರ ಬಂದು ನಿಂತ. "ಅವತ್ತ ನಾ ಮಾತು ಕೊಡಬಾರ್ದಿತ್ತು ಮಾಲನ್" ಎಂದ. ಮಾಲನಬಿ ಕೇಳಿಸಿಕೊಂಡಳು. "ಕೂಸಿಗಿ ಹಾಲು ತೊಗೊಂಡು ಮನಿಗಿ ನಡೀರಿ" ಎಂದಳು.

ರಹಮತಳಿಗೆ ಹತ್ತೊಂಬತ್ತು ತುಂಬಿದಾಗ ಚಿಂಚೋಳಿಯಿಂದ ಒಂದು ಸಂಬಂಧ ಬಂತು. ಹುಡುಗ ಬಸ್ ಕಂಡಕ್ಟರ್. ಅವನ ಚಿಕ್ಕಪ್ಪ ಚಹಾ ಕುಡಿದು, ಹುಡುಗಿಯನ್ನು ಹೊಗಳಿ, ಗಂಟಲು ಸರಿಮಾಡಿಕೊಂಡ. "ಹುಡುಗಿ ತಾಯಿ ಗಿಡದ ಬುಡಕ ಕುಂತು..." ಎಂದು ಶುರುಮಾಡಿದ.

"ಅದನ್ನ ಆಕೀಗೇ ಕೇಳ್ರಿ," ಎಂದ ಖಾಜಾಮಿಯಾ.

ಮಾಲನಬಿ ಪರದೆ ಸರಿಸಿ ಹೊರಗೆ ಬಂದಳು. ಒಳಗೆ ರಹಮತ ಹೊಸ ಸೀರೆಯಲ್ಲಿ, ಗೌಸಿಯಾಳನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಉಸಿರು ಹಿಡಿದು ಕೇಳುತ್ತಿದ್ದಾಳೆ ಎಂಬುದು ಬೆನ್ನಿಗೇ ತಿಳಿಯುತ್ತಿತ್ತು.

"ನಾ ಬಿಡಂಗಿಲ್ರಿ," ಎಂದಳು. "ಒಮ್ಮಿ ಬಿಟ್ಟು ನೋಡೀನಿ."

ಬಂದವರು ಒರಟಾಗಿ ಏನೂ ಆಡಲಿಲ್ಲ. ಮನೆಯಲ್ಲಿ ಕೇಳಿ ತಿಳಿಸುತ್ತೇವೆ ಎಂದು ಎದ್ದರು. ಹದಿನೈದು ದಿನವಾಯಿತು, ತಿಂಗಳಾಯಿತು, ಚಿಂಚೋಳಿಯಿಂದ ಪತ್ರ ಬರಲಿಲ್ಲ. ಒಂದು ಸಂಜೆ ರಹಮತ ಆ ಸೀರೆಯನ್ನು ಮಡಚಿ ಟ್ರಂಕಿನ ತಳಕ್ಕೆ ಇಡುತ್ತಿದ್ದಳು. ಮಾಲನಬಿ ಬಾಗಿಲಲ್ಲಿ ನಿಂತದ್ದನ್ನು ನೋಡಿ, ಬೆನ್ನು ತಿರುಗಿಸಿಕೊಂಡೇ, "ಛಲೋ ಆತು ಬಿಡವ್ವಾ. ನಾ ಹೋದ್ರ ಗೌಸಿಯಾಗ ಯಾರು?" ಎಂದಳು.

ಅದು ಮನಸ್ಸಿನ ಮಾತೋ ತಾಯಿಗೆಂದು ಆಡಿದ ಮಾತೋ, ಮುಖ ನೋಡಿದ್ದರೆ ತಿಳಿಯುತ್ತಿತ್ತು. ಮಾಲನಬಿ ಹತ್ತಿರ ಹೋಗಲಿಲ್ಲ. ಹಿತ್ತಲಿಗೆ ಹೋಗಿ ಕೈಕಾಲು ತೊಳೆದುಕೊಂಡು, ರೊಟ್ಟಿಗೆ ಹಿಟ್ಟು ನಾದಲು ಕೂತಳು.